ಗೃಹಸ್ಥರ ನಿತ್ಯಚರ್ಯೆಯೂ ಹೃದಯದ ರಕ್ಷಣೆಯೂ

ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸುವ ಭಕ್ತನು ಆ ಎದೆಯೊಳಗಣ ಅವಯವವನ್ನು ಕುರಿತು ಯೋಚಿಸುವುದು ಅಪರೂಪ. ಮುಷ್ಟಿಗಾತ್ರದ, ಸುಮಾರು 300 ಗ್ರಾಂ ತೂಕದ ಈ ಮಾಂಸಪಿಂಡವು ದಿನವೊಂದಕ್ಕೆ ಲಕ್ಷ ಸಲ ಮಿಡಿಯುತ್ತದೆ. ಸೋಮವಾರ ಎತ್ತುಗಳಿಗಾದರೂ ನೊಗದ ಬಿಡುವುಂಟು; ಹೃದಯದ ಕಾಯಕಕ್ಕೆ ಅದೂ ಇಲ್ಲ. ಸಕಲ ಅಂಗಗಳಿಗೂ ರಕ್ತದಾಸೋಹ ನಡೆಸುವ ಈ ಅವಯವವು ತನ್ನ ಪಾಲನ್ನು ಮಾತ್ರ ತನ್ನ ಮೈಮೇಲೆ ಹಬ್ಬಿದ ಸಣ್ಣ ನಾಳಗಳಿಂದ ಪಡೆಯಬೇಕು. ಆ ನಾಳಗಳ ಒಳಗೋಡೆಯಲ್ಲಿ ವರ್ಷಾನುಗಟ್ಟಲೆ ಕೊಬ್ಬು ಸೇರಿ, ಒಂದು ದಿನ ಅದು ಬಿರಿದು, ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಅದೇ ಹೃದಯಾಘಾತ. ಆಘಾತವು ಒಂದು ಗಳಿಗೆಯದು. ಅದರ ಸಿದ್ಧತೆ ಇಪ್ಪತ್ತು ಮೂವತ್ತು ವರ್ಷಗಳದು.

ಮದ್ಯಮಾಂಸಗಳನ್ನು ವರ್ಜಿಸಿದ ಮನೆತನಕ್ಕೆ ಈ ರೋಗ ಸೋಕದೆಂಬ ನಂಬಿಕೆಯು ಭಕ್ತರಲ್ಲಿ ಬಲವಾಗಿ ಬೇರೂರಿದೆ. ಇದು ಸರಿಯಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಮಹಾ ಅಧ್ಯಯನವು ಮೊದಲ ಹೃದಯಾಘಾತದ ಬಹುಪಾಲಿಗೆ ಒಂಬತ್ತು ಸಂಗತಿಗಳನ್ನು ಹೊಣೆಯಾಗಿಸಿತು. ಧೂಮಪಾನ, ರಕ್ತದ ಕೊಬ್ಬಿನ ಏರುಪೇರು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಃಕ್ಲೇಶ, ಕಾಯಿಪಲ್ಯ ಹಣ್ಣುಗಳ ಅಭಾವ, ದೇಹಶ್ರಮದ ಅಭಾವ ಇವು ಅವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ಒಂದಾದರೂ ಶಾಕಾಹಾರಿಯ ಮನೆಬಾಗಿಲಲ್ಲಿ ನಿಂತು ಹಿಂದಿರುಗತಕ್ಕದ್ದಲ್ಲ. ಅಷ್ಟೇ ಅಲ್ಲ, ಭಾರತವೂ ಸೇರಿದ ದಕ್ಷಿಣ ಏಷ್ಯಾದ ಜನರಿಗೆ ಈ ಆಘಾತವು ಇತರರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆಂದೂ ಅದೇ ಅಧ್ಯಯನದಿಂದ ತಿಳಿದುಬಂದಿತು.

ಹುಲಿಹೈದರ, ಕನಕಗಿರಿ, ಗಂಗಾವತಿಗಳ ಸೀಮೆಯನ್ನೇ ನೋಡಬಹುದು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ತರುವಾಯ ಗಂಗಾವತಿಯ ಕಡೆಯ ಜೋಳದ ನೆಲ ಭತ್ತದ ಕಣಜವಾಯಿತು. ನೀರು ಬಂದುದು ಭಾಗ್ಯವೇ ಸರಿ. ಆದರೆ ರೊಟ್ಟಿಯ ಜಾಗದಲ್ಲಿ ಪಾಲಿಶ್ ಮಾಡಿದ ಅಕ್ಕಿಯ ಅನ್ನ ಕುಳಿತಿತು. ನೇಗಿಲ ಹಿಂದೆ ಹರದಾರಿಗಟ್ಟಲೆ ನಡೆಯುತ್ತಿದ್ದ ಅಜ್ಜನ ಮೊಮ್ಮಗನು ಟ್ರ್ಯಾಕ್ಟರ್ ಮೇಲೆ ಕುಳಿತಿದ್ದಾನೆ, ಹೊಲಕ್ಕೆ ಹೋಗುವುದೂ ಮೋಟಾರ್ ಸೈಕಲ್ಲಿನಲ್ಲಿ. ಗಂಗಾಳದ ತುತ್ತುಗಳು ಮಾತ್ರ ಅಜ್ಜನವೇ. ಬೇರೆ ದೇಶದ ಆಹಾರಗಳನ್ನು ಅರಸಬೇಕಾದ ಅಗತ್ಯವಿಲ್ಲ. ಜೋಳದ ಇಲ್ಲವೆ ಸಜ್ಜೆಯ ರೊಟ್ಟಿ, ಮಡಿಕೆಕಾಳು ಹೆಸರುಕಾಳುಗಳ ಪಲ್ಯ, ಪುಂಡಿಪಲ್ಯ, ಮೆಂತ್ಯದ ಸೊಪ್ಪು, ಹಸಿ ಉಳ್ಳಾಗಡ್ಡಿ, ಅಗಸಿ ಹಿಂಡಿ ಇವು ಹೃದಯಕ್ಕೆ ಹಿತವಾದ ಊಟವೇ. ಕೆಡುಕು ಇರುವುದು ಸಂಜೆಯ ಚಹಾದಂಗಡಿಯಲ್ಲಿ. ಮಂಡಾಳ ವಗ್ಗರಣೆಯ ಜೊತೆಗೆ ಕೊಡುವ ಮಿರ್ಚಿಯು ಮುಂಜಾನೆಯಿಂದ ಕುದಿದು ಕರ್ರಗಾದ ಎಣ್ಣೆಯಲ್ಲಿ ಮುಳುಗೆದ್ದುದು. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದು ಮನೆಯಲ್ಲಿಯೂ ಸಲ್ಲದು.

ಉಪ್ಪಿನ ಮಾತು ಬೇರೆ. ದಿನಕ್ಕೆ ಒಬ್ಬನಿಗೆ 5 ಗ್ರಾಂ, ಎಂದರೆ ಒಂದು ಚಹಾ ಚಮಚದಷ್ಟು ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮತ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಕೆಂಪುಖಾರಗಳೊಳಗೆ ಅಡಗಿದ ಉಪ್ಪೂ ಇದರ ಲೆಕ್ಕಕ್ಕೆ ಸೇರಿದುದು.

ಪ್ರಸಾದವನ್ನು ಕೆಡಿಸಬಾರದೆಂಬುದು ಶರಣಸಂಪ್ರದಾಯದ ಶ್ರೇಷ್ಠ ನಿಯಮ. ಆದರೆ ಅದರ ಅರ್ಥವನ್ನು ತಲೆಕೆಳಗಾಗಿ ಹಿಡಿದವರೇ ಹೆಚ್ಚು. ಅತಿಥಿಯ ಕೈ ಹಿಡಿದು ಮೂರನೆಯ ಹೋಳಿಗೆಯನ್ನು ಬಡಿಸಿ, ತುಪ್ಪ ಸುರಿದು, ‘ಪ್ರಸಾದ ಬಿಡಬಾರದು’ ಎಂದು ಒತ್ತಾಯಿಸುವುದು ಸತ್ಕಾರವಲ್ಲ. ಬೇಕಾದಷ್ಟನ್ನೇ ನೀಡಿಸಿಕೊಳ್ಳುವುದು ಪ್ರಸಾದಿಯ ಲಕ್ಷಣ. ಬೇಡವಾದುದನ್ನು ಹೊಟ್ಟೆಗೆ ತುಂಬಿದರೆ ಅಲ್ಲಿಯೂ ಪ್ರಸಾದ ಕೆಟ್ಟಂತೆಯೇ.

ಕಾಯಕವೆಂಬುದರಲ್ಲಿ ಕಾಯದ ದುಡಿಮೆಯೂ ಅಡಗಿದೆ. ಅಂಗಡಿಯ ಗಾದಿಯ ಮೇಲೋ ಕಚೇರಿಯ ಕುರ್ಚಿಯಲ್ಲೋ ಕುಳಿತೇ ದುಡಿಯುವವರು ವಾರಕ್ಕೆ ಕಡಿಮೆಯೆಂದರೆ 150 ನಿಮಿಷ ಬಿರುಸಾಗಿ ನಡೆಯತಕ್ಕದ್ದು. ಮನೆಗೆಲಸದ ಸ್ತ್ರೀಯರಿಗೂ ಇದು ಬೇಕು. ನಿಂತು ಮಾಡುವ ಕೆಲಸವೆಲ್ಲ ನಡಿಗೆಯಾಗದು.

ಮದ್ಯವನ್ನು ಮುಟ್ಟದ ಅನೇಕ ಸದ್ಗೃಹಸ್ಥರು ಎಲೆಯಡಿಕೆಯೊಡನೆ ತಂಬಾಕನ್ನು ನಿಸ್ಸಂಕೋಚವಾಗಿ ಅಗಿಯುವರು, ಬೀಡಿಯನ್ನು ವ್ಯಸನವೆಂದೇ ಎಣಿಸರು. ತಂಬಾಕು ಯಾವ ರೂಪದಲ್ಲಿದ್ದರೂ ನಾಳಗಳಿಗೆ ಶತ್ರು. ಧೂಮಪಾನವನ್ನು ಬಿಟ್ಟವನ ಹೃದ್ರೋಗದ ಭಯವು ಒಂದೇ ವರ್ಷದಲ್ಲಿ ಸೇದುವವನ ಭಯದ ಅರ್ಧಕ್ಕೆ ಇಳಿಯುವುದೆಂಬುದು ಸಮಾಧಾನದ ಸಂಗತಿ.

ರಕ್ತದೊತ್ತಡಕ್ಕೆ ಬಹುಮಟ್ಟಿಗೆ ಯಾವ ಲಕ್ಷಣವೂ ಇಲ್ಲ. ಆದುದರಿಂದ 30 ವರ್ಷ ದಾಟಿದವರು ವರ್ಷಕ್ಕೊಮ್ಮೆಯಾದರೂ ಒತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಬೇಕು. ಒತ್ತಡ ಇಳಿಯಿತೆಂದು ತಾವೇ ನಿರ್ಧರಿಸಿ ಗುಳಿಗೆ ಬಿಡುವುದು ಹಳ್ಳಿಗಳಲ್ಲಿ ಪದೇ ಪದೇ ಕಾಣುವ ಅವಿವೇಕ. ಇಳಿದುದು ಗುಳಿಗೆಯ ಗುಣದಿಂದಲೇ.

ಇಷ್ಟೆಲ್ಲ ಪಾಲಿಸಿದವರಿಗೂ ಆಘಾತ ಬಾರದೆಂದಿಲ್ಲ. ವ್ಯಾಯಾಮಶೀಲರೆಂದು ಹೆಸರಾಗಿದ್ದ ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ರಾಜ್ಯ ಸರಕಾರವು 2023ರಲ್ಲಿ ಆರಂಭಿಸಿದ ಹೃದಯಜ್ಯೋತಿ ಯೋಜನೆಯನ್ನು ಹಳ್ಳಿಯವರು ಅವಶ್ಯವಾಗಿ ಅರಿತಿರಬೇಕು. ಈ ಯೋಜನೆಗೆ ಒಳಪಟ್ಟ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ಪರಿಶೀಲಿಸುವರು. ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುವುದು.

ಅಲ್ಲಿಗೆ ವೇಳೆಗೆ ಮುಟ್ಟುವುದೇ ಕಠಿಣ. ಎದೆ ಹಿಂಡಿದಂತಾಗಿ ಬೆವರು ಕಿತ್ತರೂ ‘ಪಿತ್ಥವಾಗಿದೆ, ವಾಯು ಸೇರಿದೆ’ ಎಂದು ಸೋಡಾ ಕುಡಿಸಿ ಮಲಗಿಸುವುದು ವಾಡಿಕೆ. ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಹಬ್ಬಬಹುದು. ಸ್ತ್ರೀಯರಲ್ಲಿ ಹಾಗೂ ಸಕ್ಕರೆ ಕಾಯಿಲೆಯವರಲ್ಲಿ ನೋವಿಲ್ಲದೆ ಬರಿಯ ಏದುಸಿರು, ನಿಶ್ಶಕ್ತಿಗಳೇ ತೋರಬಹುದು. ಆಗ ರೋಗಿಯನ್ನು ನಡೆಸದೆ, ಮೋಟಾರ್ ಸೈಕಲ್ಲಿನ ಮೇಲೆ ನಡುವೆ ಕೂರಿಸದೆ, ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ಆ ಚುಚ್ಚುಮದ್ದಿನ ಬಲವು ಮೊದಲ ಗಂಟೆಗಳಲ್ಲಿಯೇ ಹೆಚ್ಚು. ಬೆಳಗಾಗಲೆಂದು ಕಾದವರಿಗೆ ಅದರ ಪ್ರಯೋಜನ ಬಹಳ ಕಡಿಮೆ.