ಉಕ್ಕಿನ ಮೇಲಣ ಗೀರು

ತೊಳೆದಿಟ್ಟ ಸ್ಟೇನ್‌ಲೆಸ್ ಸ್ಟೀಲ್ ತಟ್ಟೆಯೊಂದನ್ನು ವಿದ್ಯುದ್ದೀಪದ ಕೆಳಗೆ ಹಿಡಿದು ನೋಡಿರಿ. ದೀಪದ ಪ್ರತಿಬಿಂಬದ ಸುತ್ತ ನೂರಾರು ಸೂಕ್ಷ್ಮ ಗೀರುಗಳು ಬಳೆಬಳೆಯಾಗಿ ಕಾಣುವುವು. ತಟ್ಟೆಯನ್ನು ತಿರುಗಿಸಿದರೂ ಬಳೆಗಳು ಪ್ರತಿಬಿಂಬವನ್ನು ಬಿಟ್ಟು ಕದಲವು. ವಾಸ್ತವವಾಗಿ ಗೀರುಗಳು ಎಲ್ಲ ದಿಕ್ಕುಗಳಿಗೂ ಹರಿದಿವೆ. ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಅದನ್ನು ನಮ್ಮ ಕಣ್ಣಿಗೆ ಕಳುಹಿಸುತ್ತವೆ. ಉಳಿದವು ಇದ್ದೂ ಇಲ್ಲದಂತಿರುತ್ತವೆ.

ಮಂದಹೊಳಪಿನ ಉಕ್ಕಿನ ಪಿಸ್ತೂಲಿನ ಮೇಲೆ ಬಿದ್ದ ಗೀರನ್ನು ಮರೆಸುವ ವಿದ್ಯೆಗೆ ಇದೇ ತಳಹದಿ. ಉದಾಹರಣೆಗೆ ಆಯುಧವನ್ನೇಕೆ ಆರಿಸಬೇಕೆಂದು ಕೇಳಬಹುದು. ಈ ಉಕ್ಕಿನ ಹುಟ್ಟಿಗೂ ಬಂದೂಕಿಗೂ ನಂಟುಂಟು. 1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬ ಲೋಹವಿಜ್ಞಾನಿಯು ಬಂದೂಕಿನ ನಳಿಗೆಗಳ ಸವೆತಕ್ಕೆ ಪರಿಹಾರವನ್ನು ಅರಸುತ್ತಿದ್ದಾಗಲೇ, ಶೇಕಡ 12.8ರಷ್ಟು ಕ್ರೋಮಿಯಂ ಬೆರೆತ ಉಕ್ಕು ಸುಲಭವಾಗಿ ತುಕ್ಕು ಹಿಡಿಯದೆಂಬುದನ್ನು ಕಂಡುಕೊಂಡನು. ಆದರೂ ಈ ಜಾತಿಯ ಉಕ್ಕಿನ ರಿವಾಲ್ವರು ಮಾರುಕಟ್ಟೆಗೆ ಬರಲು 1965ರವರೆಗೆ ಕಾಯಬೇಕಾಯಿತು. ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ ಸಂಸ್ಥೆಯ 60ನೆಯ ಮಾದರಿಯೇ ಅದು.

ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ಉಕ್ಕಿನ ಮೈಮೇಲೆ ಒಂದು ಪೊರೆಯನ್ನು ಕಟ್ಟುತ್ತದೆ. ಅದರ ದಪ್ಪ ಕೆಲವೇ ನ್ಯಾನೋಮೀಟರು, ಎಂದರೆ ಬೆಳಕಿನ ಅಲೆಯುದ್ದದ ನೂರನೆಯ ಒಂದು ಪಾಲಿನಷ್ಟು. ಆದುದರಿಂದ ಅದು ಕಣ್ಣಿಗೆ ಬೀಳದು. ಗೀರಿನಿಂದ ಪೊರೆ ಹರಿದರೂ, ಬಯಲಾದ ಲೋಹದ ಮೇಲೆ ಮತ್ತೊಂದು ಪೊರೆ ಕೂಡಲೇ ಬೆಳೆಯುತ್ತದೆ. ಉಜ್ಜುವ ಧೈರ್ಯ ನಮಗೆ ಬರುವುದು ಇದರಿಂದಲೇ. ನೀಲವರ್ಣವೇರಿಸಿದ ಸಾಮಾನ್ಯ ಉಕ್ಕಿಗಾಗಲಿ ನಿಕಲ್ ಲೇಪಕ್ಕಾಗಲಿ ಈ ಭಾಗ್ಯವಿಲ್ಲ. ಅಲ್ಲಿ ಉಜ್ಜಿದರೆ ಹೋದದ್ದು ಹೋದಂತೆಯೇ. ಕೆಲವು ಪಿಸ್ತೂಲುಗಳ ಮೇಲ್ಭಾಗ ಸ್ಟೇನ್‌ಲೆಸ್ ಉಕ್ಕಾಗಿದ್ದು, ಹಿಡಿಯ ಚೌಕಟ್ಟು ಅದೇ ಬಣ್ಣದ ಅಲ್ಯೂಮಿನಿಯಂ ಮಿಶ್ರಲೋಹವಾಗಿರುವುದೂ ಉಂಟು.

ಪರವಾನಗಿಯುಳ್ಳ ಒಡೆಯನು ಮೊದಲು ಮಾಡಬೇಕಾದುದು ಗುಂಡುಗಳನ್ನು ತೆಗೆದು, ಗುಂಡಿನ ಮನೆ ಬರಿದಾಗಿರುವುದನ್ನು ಕಣ್ಣಾರೆ ನೋಡುವುದು. ಬಳಿಕ ದೀಪದ ಬಳಿ ಮೇಲ್ಮೈಯನ್ನು ಪರೀಕ್ಷಿಸಬೇಕು. ಅದರಲ್ಲಿ ಒಂದೇ ದಿಕ್ಕಿನ ನವಿರಾದ ಗೆರೆಗಳಿದ್ದರೆ, ಬೂದುಬಣ್ಣದ ನಯವಾದ ನೈಲಾನ್ ಉಜ್ಜುಪಟ್ಟಿಯಿಂದ ಆ ಗೆರೆಗಳ ಜಾಡಿನಲ್ಲಿಯೇ ಹಗುರವಾಗಿ, ನೇರವಾಗಿ ಎಳೆಯಬೇಕು. ಹೊಸ ಗೆರೆಗಳು ಹಳೆಯವುಗಳೊಡನೆ ಬೆರೆತು, ಅಡ್ಡಗೀರು ಅವುಗಳ ನಡುವೆ ಅಡಗುತ್ತದೆ. ನಾನೊಮ್ಮೆ ಪ್ರಯೋಗಶಾಲೆಯ ಉಕ್ಕಿನ ಫಲಕವೊಂದನ್ನು ಅವಸರದಲ್ಲಿ ಸುತ್ತುಸುತ್ತಾಗಿ ಉಜ್ಜಿದೆ. ಕೂದಲೆಳೆಯಷ್ಟಿದ್ದ ಗೀರಿನ ಜಾಗದಲ್ಲಿ ಅಂಗೈಯಗಲದ ಕಲೆ ಕಾಣಿಸಿಕೊಂಡಿತು. ವಿದ್ಯಾರ್ಥಿಗಳು ಅದನ್ನು ಬಹುಕಾಲ ಮರೆಯಲಿಲ್ಲ.

ಪಾತ್ರೆ ಉಜ್ಜುವ ಸಾಮಾನ್ಯ ಉಕ್ಕಿನ ನಾರನ್ನು ಬಳಸಲೇಬಾರದು. ಅದರ ಕಬ್ಬಿಣದ ಚೂರುಗಳು ಮೈಯಲ್ಲಿ ಸಿಕ್ಕಿಕೊಂಡು ತುಕ್ಕು ಹಿಡಿಯುತ್ತವೆ. ಅಪವಾದ ಮಾತ್ರ ಸ್ಟೇನ್‌ಲೆಸ್ ಉಕ್ಕಿಗೆ. ಅಂಕಿಗಳನ್ನು ಕೊರೆದ ಭಾಗದ ಹತ್ತಿರಕ್ಕೂ ಉಜ್ಜುಪಟ್ಟಿ ಹೋಗಕೂಡದು. ಬಂದೂಕಿನ ಗುರುತಿನ ಸಂಖ್ಯೆಯನ್ನು ಅಳಿಸುವುದು ನಮ್ಮ ದೇಶದ 1959ರ ಆಯುಧ ಕಾಯಿದೆಗೂ ವಿರುದ್ಧ. ಕೆಲಸ ಮುಗಿದ ಮೇಲೆ ಧೂಳನ್ನೂ ಬೆವರಿನ ಉಪ್ಪನ್ನೂ ಒರೆಸಿ, ತೆಳುವಾಗಿ ಎಣ್ಣೆ ಸವರಬೇಕು.

ಗೀರಿಗೆ ಉಗುರು ತಗುಲಿ ನಿಂತರೆ ಅದು ಆಳವಾದುದು; ಈ ಉಪಾಯಕ್ಕೆ ಮೀರಿದುದು. ದೀಪದಡಿಯಲ್ಲಿ ಹೇಗೆ ತಿರುಗಿಸಿದರೂ ಮೈಯೆಲ್ಲ ಒಂದೇ ಸಮನಾಗಿ ಮಂಕಾಗಿ ಕಂಡರೆ, ಅದು ಗಾಜಿನ ಸಣ್ಣ ಮಣಿಗಳನ್ನು ಗಾಳಿಯ ಒತ್ತಡದಿಂದ ಸಿಡಿಸಿ ಮಾಡಿದ ಮೇಲ್ಮೈ ಇರಬಹುದು. ಅಲ್ಲಿ ಕಾಣುವುದು ಗೆರೆಗಳಲ್ಲ, ದಿಕ್ಕಿಲ್ಲದ ಕುಳಿಗಳು. ಉಜ್ಜುಪಟ್ಟಿಯ ಗೆರೆ ಅವುಗಳಲ್ಲಿ ಅಡಗಲಾರದು. ಕುಶಲ ಕೆಲಸಗಾರನ ಬಳಿಗೆ ಒಯ್ದು ಮತ್ತೆ ಮಣಿಗಳನ್ನೇ ಸಿಡಿಸಬೇಕಾಗುತ್ತದೆ.