ಕೇಸು ಮುಗಿದರೆ ಸಾಲದು, ಹೇಗೆ ಮುಗಿಯಿತು ನೋಡಿ

ಒಮ್ಮೆ ಠಾಣೆಯ ದಾಖಲೆಗೆ ಸೇರಿದ ವಯಸ್ಕರ ಹೆಸರನ್ನು ಪೂರ್ತಿ ಅಳಿಸಿಹಾಕುವ ಕಾಯ್ದೆ ನಮ್ಮಲ್ಲಿಲ್ಲ. ಹೊನ್ನಾಳಿಯಲ್ಲಿ ವಕೀಲಿ ಮಾಡುತ್ತ, ಚನ್ನಗಿರಿ, ಜಗಳೂರು ಕೋರ್ಟುಗಳಿಗೂ ಓಡಾಡುತ್ತ ನಾನು ಮೊದಲು ಅರಿತದ್ದು ಇದನ್ನೇ. ನಮ್ಮ ಕೈಯಲ್ಲಿರುವುದು ಎರಡು: ಕೇಸು ಸರಿಯಾದ ರೀತಿಯಲ್ಲಿ ಮುಗಿಯುವಂತೆ ನೋಡಿಕೊಳ್ಳುವುದು, ಮುಗಿದದ್ದನ್ನು ಠಾಣೆಯ ದಾಖಲೆಗೆ ಏರಿಸುವುದು.

ಯುಗಾದಿ ಆಸುಪಾಸಿನಲ್ಲಿ ತೋಟದಲ್ಲಿ ಇಸ್ಪೀಟು ಆಡುತ್ತ ಸಿಕ್ಕಿಬೀಳುವ ಹುಡುಗರನ್ನೇ ನೋಡಿ. ದುಡಿಮೆ ಬಿಟ್ಟು ಕೋರ್ಟಿಗೆ ಅಲೆಯುವುದು ಯಾರಿಗೆ ಬೇಕು? ಸಮನ್ಸ್ ಬಂದ ದಿನವೇ ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡುತ್ತಾರೆ. ‘ದಂಡ ಕಟ್ಟೀನಲ್ಲ ಸಾರ್, ಇನ್ನೇನೈತಿ?’ ಎಂದು ಒಬ್ಬ ನನ್ನನ್ನೇ ಕೇಳಿದ್ದ. ಇರುವುದು ಶಿಕ್ಷೆಯ ದಾಖಲೆ! ದಂಡ ಎಷ್ಟೇ ಸಣ್ಣದಿರಲಿ, ಕಾನೂನಿನ ಲೆಕ್ಕದಲ್ಲಿ ಅಪರಾಧ ಸಾಬೀತಾದಂತೆಯೇ. ತಪ್ಪೊಪ್ಪಿಕೊಳ್ಳದೆ ಗತ್ಯಂತರವಿಲ್ಲದಾಗ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಎಚ್ಚರಿಕೆ ಕೊಟ್ಟೋ ಮುಚ್ಚಳಿಕೆ ಬರೆಸಿಕೊಂಡೋ ಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ನ್ಯಾಯಾಧೀಶರು ಒಪ್ಪಿದರೆ, ಆ ಕಾಯ್ದೆಯ 12ನೇ ಕಲಂ ಪ್ರಕಾರ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟುವುದಿಲ್ಲ.

ಬದುವಿನ ಜಗಳ, ಕಾಲುವೆ ನೀರಿಗಾಗಿ ಆದ ಹೊಡೆದಾಟದ ಕೇಸುಗಳ ದಾರಿಯೇ ಬೇರೆ. ಸಣ್ಣಪುಟ್ಟ ಗಾಯ, ಬೈಗುಳದ ಪ್ರಕರಣಗಳಲ್ಲಿ ಪೆಟ್ಟು ತಿಂದವರು ಒಪ್ಪಿದರೆ ಕೋರ್ಟಿನಲ್ಲೋ ಲೋಕ ಅದಾಲತ್‌ನಲ್ಲೋ ರಾಜಿಯಾಗಬಹುದು. ಹಾಗೆ ಕಾನೂನುಬದ್ಧವಾಗಿ ರಾಜಿಯಾದರೆ ಅದು ಖುಲಾಸೆಗೆ ಸಮ. ಊರ ಕಟ್ಟೆಯ ಮೇಲೆ ಕೈಕುಲುಕಿ ಕೋರ್ಟಿಗೆ ಬರುವುದನ್ನೇ ನಿಲ್ಲಿಸಿದವರಿಗೆ ಮಾತ್ರ ವಾರಂಟು ಕಾದಿರುತ್ತದೆ.

ಖುಲಾಸೆಯಾದರೂ ಕೆಲಸ ಉಳಿದಿರುತ್ತದೆ. ಜಗಳೂರು ಕಡೆಯ ಒಬ್ಬ ಡ್ರೈವರ್ ಬಿಡುಗಡೆಯಾಗಿ ವರ್ಷಗಳೇ ಕಳೆದಿದ್ದವು. ನೌಕರಿಗೆಂದು ಪೊಲೀಸ್ ಪರಿಶೀಲನೆ ನಡೆದಾಗ ‘ಪ್ರಕರಣ ವಿಚಾರಣೆಯಲ್ಲಿದೆ’ ಎಂಬ ಷರಾ ಬಂತು. ತೀರ್ಪು ಠಾಣೆಯ ದಾಖಲೆಗೆ ಏರಿರಲೇ ಇಲ್ಲ. ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿ ದೃಢೀಕೃತ ಪ್ರತಿ ಪಡೆದೆವು. ಅದರಲ್ಲಿ ಠಾಣೆಯ ಅಪರಾಧ ಸಂಖ್ಯೆ, ಸಿ.ಸಿ. ನಂಬರು, ಕೋರ್ಟಿನ ಮೊಹರು ಮೂರೂ ಸ್ಪಷ್ಟವಾಗಿವೆಯೇ ಎಂದು ಅಲ್ಲೇ ನಿಂತು ನೋಡಿಕೊಂಡೆ. ಠಾಣೆಗೊಂದು, ಎಸ್ಪಿ ಕಚೇರಿಗೊಂದು ಮನವಿ ಕೊಟ್ಟು ನಮ್ಮ ಪ್ರತಿಯ ಮೇಲೆ ತಾರೀಖು ಸಮೇತ ಸ್ವೀಕೃತಿಯ ಸೀಲು ಹಾಕಿಸಿಕೊಂಡೆವು. ಆಮೇಲೆ ಷರಾ ಬದಲಾಯಿತು. ಬಾಯಿಮಾತಿನಲ್ಲಿ ಹೇಳಿ ಬಂದಿದ್ದರೆ ಆಗುತ್ತಿರಲಿಲ್ಲ.

ಹಳೆಯ ಕೇಸಾದರೆ ಕಡತ ಎಲ್ಲಿದೆ ಎಂಬುದೇ ಮೊದಲ ಪ್ರಶ್ನೆ. ನ್ಯಾಮತಿ ಪ್ರತ್ಯೇಕ ತಾಲ್ಲೂಕಾಗುವ ಮುನ್ನ ಹೊನ್ನಾಳಿಯ ಭಾಗ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ಆ ಕಾಲದ ಸೆಷನ್ಸ್ ತೀರ್ಪು ಬೇಕಾದವರು ಅಲ್ಲಿಯೂ ವಿಚಾರಿಸಬೇಕು.

ಕೇಸೇ ಸುಳ್ಳು ಎನ್ನುವವರು ಅದನ್ನು ರದ್ದುಪಡಿಸಲು ಹೈಕೋರ್ಟಿಗೆ ಹೋಗಬಹುದು. ನಮ್ಮ ಜಿಲ್ಲೆಗೆ ಧಾರವಾಡವಲ್ಲ, ಬೆಂಗಳೂರು ಪೀಠ. ಇದಕ್ಕಿದ್ದ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 482ನೇ ಕಲಂ ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 528. ಹದಿನೆಂಟು ತುಂಬದಾಗ ಸಿಕ್ಕಿಬಿದ್ದವರ ವಿಷಯ ಬೇರೆ: 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಅವರ ದಾಖಲೆಯನ್ನು ಅವಧಿ ಮುಗಿದ ಮೇಲೆ ನಾಶಪಡಿಸಬೇಕೆನ್ನುತ್ತದೆ, ಕೆಲವು ಘೋರ ಅಪರಾಧಗಳಿಗಷ್ಟೇ ವಿನಾಯಿತಿ.

ಇಷ್ಟಾದರೂ ನೌಕರಿ ಅರ್ಜಿಯಲ್ಲಿ ‘ನಿಮ್ಮ ಮೇಲೆ ಕೇಸು ಇತ್ತೇ?’ ಎಂದು ಕೇಳಿದ್ದರೆ ‘ಇಲ್ಲ’ ಎಂದು ಬರೆಯಬೇಡಿ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ: ಕೊಡುವ ಮಾಹಿತಿ ಸತ್ಯವಾಗಿರಬೇಕು, ಕೇಸು ತೀರಾ ಕ್ಷುಲ್ಲಕವಾಗಿದ್ದರೆ ಮುಚ್ಚಿಟ್ಟದ್ದನ್ನೂ ಉದ್ಯೋಗದಾತರು ಮನ್ನಿಸಬಹುದು. ಆದರೆ ಅದು ಅವರ ವಿವೇಚನೆ, ನಮ್ಮ ಹಕ್ಕಲ್ಲ. ‘ಹೌದು’ ಎಂದು ಬರೆದು, ತೀರ್ಪಿನ ನಕಲು ಲಗತ್ತಿಸಿ.