ಮಗುವಿಗೊಂದು ಗಣಕ

ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಒಂದು ಕಾಲದಲ್ಲಿ ಸ್ಲೇಟೊಂದೇ ಇರುತ್ತಿತ್ತು. ಬರೆಯುವುದು, ಒರಸುವುದು, ಮತ್ತೆ ಬರೆಯುವುದು; ಅದರಿಂದ ಆಗುತ್ತಿದ್ದ ಕೆಲಸ ಇಷ್ಟೇ. ಆದರೆ ಆ ಸ್ಲೇಟು ಮಗುವಿನ ಸ್ವಂತದ್ದಾಗಿತ್ತು. ಅದರ ಮರದ ಚೌಕಟ್ಟಿನ ಮೇಲೆ ಹೆಸರನ್ನು ಬರೆದುಕೊಳ್ಳಬಹುದಾಗಿತ್ತು. ಸಂಜೆ ಅದನ್ನು ಮನೆಗೆ ಒಯ್ಯಬಹುದಾಗಿತ್ತು. ಲೆಕ್ಕ ತಪ್ಪಿದರೆ ಬೇರೆಯವರು ಕಾಣುವ ಮೊದಲೇ ಅಂಗೈಯಿಂದ ಒರಸಿಬಿಡಬಹುದಾಗಿತ್ತು. ಗಣಕಯಂತ್ರವೂ ಇಂತಹುದೇ ಒಂದು ವಸ್ತುವಾದೀತೆಂದು 1960ರ ದಶಕದಲ್ಲಿ ನಂಬಿದವರು ವಿರಳ. ಆಗಿನ ದೊಡ್ಡ ಗಣಕಯಂತ್ರಗಳಿಗೆ ಪ್ರತ್ಯೇಕ ಕೊಠಡಿಯೂ ತಂಪುಗಾಳಿಯ ಏರ್ಪಾಡೂ ಪರಿಣತರ ಕಾವಲೂ ಬೇಕಾಗಿದ್ದವು.

ಆ ವಿರಳರಲ್ಲಿ ಅಮೆರಿಕದ ಅಲನ್ ಕೇ ಒಬ್ಬರು. 1968ರಲ್ಲಿ ಅವರು ಸೇಮೂರ್ ಪ್ಯಾಪರ್ಟ್ ಎಂಬ ವಿದ್ವಾಂಸರನ್ನು ಕಂಡರು. ಪ್ಯಾಪರ್ಟರೂ ಅವರ ಸಂಗಡಿಗರೂ ಮಕ್ಕಳಿಗೆಂದೇ ರೂಪಿಸಿದ ‘ಲೋಗೋ’ ಎಂಬ ಭಾಷೆಯಲ್ಲಿ ಎಳೆಯರು ತಾವೇ ಗಣಕಕ್ಕೆ ಆದೇಶಗಳನ್ನು ಬರೆಯುತ್ತಿದ್ದರು. ಈ ದೃಶ್ಯವು ಕೇ ಅವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. 1972ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಅವರು ‘ಡೈನಾಬುಕ್’ ಎಂಬ ಯಂತ್ರವನ್ನು ಕಲ್ಪಿಸಿದರು. ಟಿಪ್ಪಣಿ ಪುಸ್ತಕದಷ್ಟು ಗಾತ್ರ, ಚಪ್ಪಟೆಯಾದ ಪರದೆ, ಅದರ ಕೆಳಗೆ ಕೀಲಿಮಣೆ. ಹುಲ್ಲಿನ ಮೇಲೆ ಕುಳಿತು ಅದನ್ನು ಬಳಸುತ್ತಿರುವ ಇಬ್ಬರು ಮಕ್ಕಳು. ಅದನ್ನು ತಯಾರಿಸುವ ಸಾಮಗ್ರಿಯೇ ಅಂದು ಇರಲಿಲ್ಲ. ಕೇ ರಟ್ಟಿನ ಮಾದರಿಯೊಂದನ್ನು ಮಾಡಿ, ತೂಕವೆಷ್ಟಿದ್ದರೆ ಹೊರಲು ಸಹ್ಯವಾದೀತೆಂದು ತಿಳಿಯಲು ಅದರೊಳಗೆ ಸೀಸದ ಗುಂಡುಗಳನ್ನು ತುಂಬಿ ನೋಡಿದರು.

ಆ ರಟ್ಟಿನ ಪೆಟ್ಟಿಗೆಯ ಕನಸು ಮಕ್ಕಳ ಕೈಗೆ ಬರಲು 35 ವರ್ಷಗಳು ಹಿಡಿದವು. 2005ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಡಾವೋಸ್ ನಗರದಲ್ಲಿ ನಿಕೊಲಸ್ ನೆಗ್ರೊಪಾಂಟೆ ಎಂಬವರು ಬಡ ದೇಶಗಳ ಮಕ್ಕಳಿಗಾಗಿ 100 ಡಾಲರ್ ಬೆಲೆಯ ಗಣಕವನ್ನು ನಿರ್ಮಿಸುವುದಾಗಿ ಸಾರಿದರು. ಇದಕ್ಕಾಗಿ ಹುಟ್ಟಿದ ಸಂಸ್ಥೆಯ ಹೆಸರು ‘ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್’, ಎಂದರೆ ಮಗುವಿಗೊಂದು ಗಣಕ. ಅದೇ ವರ್ಷದ ನವೆಂಬರಿನಲ್ಲಿ ಟುನಿಸ್ ನಗರದ ಸಮ್ಮೇಳನದಲ್ಲಿ ಅದರ ಮಾದರಿಯು ಪ್ರದರ್ಶಿತವಾಯಿತು. ವಿದ್ಯುತ್ತಿಲ್ಲದ ಹಳ್ಳಿಗಳಿಗೆಂದು ಅದಕ್ಕೆ ಕೈಯಿಂದ ತಿರುಗಿಸುವ ಹಿಡಿಕೆಯೊಂದನ್ನು ಜೋಡಿಸಲಾಗಿತ್ತು. ವಿಶ್ವಸಂಸ್ಥೆಯ ಅಂದಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅವರು ತಿರುಗಿಸುತ್ತಿದ್ದಂತೆಯೇ ಹಿಡಿಕೆ ಕಿತ್ತು ಬಂದಿತು. ಮುಂದೆ ತಯಾರಾದ ಯಂತ್ರದ ಮೈಯಲ್ಲಿ ಆ ಹಿಡಿಕೆ ಇರಲಿಲ್ಲ.

2007ರ ನವೆಂಬರಿನಲ್ಲಿ ಕ್ವಾಂಟಾ ಎಂಬ ತೈವಾನ್ ಕಂಪೆನಿಯಲ್ಲಿ ತಯಾರಾಗತೊಡಗಿದ ಈ ಗಣಕಕ್ಕೆ ‘ಎಕ್ಸ್‌ಓ’ ಎಂದು ಹೆಸರು. ಹಸುರು ಬಿಳುಪು ಬಣ್ಣದ ಪ್ಲಾಸ್ಟಿಕ್ ಮೈ. ಊಟದ ಡಬ್ಬಿಯಂತೆ ಹಿಡಿದು ನಡೆಯಲು ಒಂದು ಹಿಡಿ. ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ಧೂಳೂ ಚೆಲ್ಲಿದ ನೀರೂ ಒಳಕ್ಕೆ ಇಳಿಯದಂತೆ ಕೀಲಿಮಣೆಯನ್ನು ರಬ್ಬರಿನ ಒಂದೇ ಹಾಳೆಯಿಂದ ಮಾಡಲಾಗಿತ್ತು. ಇಕ್ಕೆಲಗಳಲ್ಲಿ ಮೊಲದ ಕಿವಿಗಳಂತಹ ಎರಡು ಆಂಟೆನಾಗಳು. ಅವುಗಳನ್ನು ಮೇಲೆತ್ತಿದರೆ ಗಣಕವು ನೆರೆಯ ಗಣಕಗಳೊಡನೆ ತಂತಿಯಿಲ್ಲದೆ ಮಾತನಾಡುತ್ತಿತ್ತು. ಕೆಳಗೆ ಮಡಿಚಿದರೆ ಅವೇ ಪೆಟ್ಟಿಗೆಯ ಚಿಲಕವಾಗಿ, ಪಕ್ಕದ ರಂಧ್ರಗಳಿಗೆ ಮುಚ್ಚಳವೂ ಆಗುತ್ತಿದ್ದವು. ಬೀಳಿಸಿದರೆ ಕೆಡುವ, ಸುತ್ತುವ ತಟ್ಟೆಯ ಸ್ಮರಣಕೋಶ ಅದರಲ್ಲಿರಲಿಲ್ಲ. ಬಿಡಿ ತಿರುಪುಮೊಳೆಗಳನ್ನು ಹಿಡಿಯೊಳಗೇ ಇರಿಸಲಾಗಿತ್ತು. ಯಂತ್ರವು ಮಕ್ಕಳ ಕೈಯಲ್ಲಿ ಕೆಡುವುದು ಸಹಜವೆಂದೂ, ಅದನ್ನು ಬಿಚ್ಚಿ ಸರಿಪಡಿಸಲು ಮಕ್ಕಳೂ ಕಲಿಯಬಹುದೆಂದೂ ಮೊದಲೇ ಒಪ್ಪಿಕೊಂಡು ಮಾಡಿದ ಯಂತ್ರಗಳು ಹೆಚ್ಚಿಲ್ಲ.

ಇದರ ಅತ್ಯಂತ ಚತುರವಾದ ಭಾಗವೆಂದರೆ ಪರದೆ ಮತ್ತು ಅದನ್ನು ಹೊತ್ತ ಕೀಲು. ಪರದೆಯು ಒಂದೇ ಕುತ್ತಿಗೆಯ ಮೇಲೆ ನಿಂತಿತ್ತು. ಅದನ್ನು ಅರ್ಧ ಸುತ್ತು ತಿರುಗಿಸಿ ಕೀಲಿಮಣೆಯ ಮೇಲೆ ಮಲಗಿಸಿದರೆ, ಕೀಲಿಗಳೆಲ್ಲ ಕೆಳಗೆ ಅಡಗಿ, ಮೇಲೆ ಪುಸ್ತಕದ ಪುಟದಂತೆ ಪರದೆ ಮಾತ್ರ ಉಳಿಯುತ್ತಿತ್ತು. ಆಗ ಪುಟಗಳನ್ನು ಮಗುಚಲು ಪರದೆಯ ಅಂಚಿನಲ್ಲಿ ಗುಂಡಿಗಳಿದ್ದವು. ಪರದೆಯನ್ನು ಬೆರಳಿನಿಂದ ಮುಟ್ಟಿದರೆ ಆ ಮೊದಲ ಯಂತ್ರವು ಓಗೊಡುತ್ತಿರಲಿಲ್ಲ. ಕಲಿಯುವವನಿಗೆ ಬರವಣಿಗೆಯೂ ಬೇಕು, ಓದೂ ಬೇಕು. ಬರೆಯುವವನು ಯಂತ್ರವನ್ನು ಮೇಜಿನ ಮೇಲಿರಿಸಿ ನೆಟ್ಟಗೆ ಕುಳಿತುಕೊಳ್ಳುತ್ತಾನೆ. ಓದುವವನು ಕಂಬಕ್ಕೊರಗಿ, ಚಾಪೆಯ ಮೇಲೆ ಮಲಗಿ, ಮರದ ಬುಡದಲ್ಲಿ ಕುಳಿತು ಓದುತ್ತಾನೆ. ಈ ಎರಡು ಭಂಗಿಗಳಿಗೂ ಒಂದೇ ಯಂತ್ರವನ್ನು ಒಗ್ಗಿಸಿದುದೇ ಕೀಲಿನ ಪ್ರಯೋಜನ.

ಮರದ ಬುಡದಲ್ಲಿ ಕುಳಿತಾಗ ಸಾಮಾನ್ಯ ಗಣಕದ ಪರದೆಯು ಬಿಸಿಲಿನ ಮುಂದೆ ಮಂಕಾಗುವುದು. ಏಕೆಂದರೆ ಹಿಂಬದಿಯ ದೀಪದ ಬೆಳಕು ಸೂರ್ಯನ ಬೆಳಕಿಗೆ ಸಾಟಿಯಲ್ಲ. ಮೇರಿ ಲೂ ಜೆಪ್ಸೆನ್ ಅವರು ರೂಪಿಸಿದ ಎಕ್ಸ್‌ಓ ಪರದೆಯು ಈ ಕಷ್ಟವನ್ನು ಬೇರೆ ಬಗೆಯಲ್ಲಿ ಪರಿಹರಿಸಿತು. ಏಳೂವರೆ ಅಂಗುಲದ ಆ ಪರದೆಯಲ್ಲಿ ದೀಪವನ್ನು ಆರಿಸಿದರೆ, ಹೊರಗಿನ ಬಿಸಿಲನ್ನೇ ಪ್ರತಿಫಲಿಸಿ ಕಪ್ಪು ಬಿಳುಪಿನ ಅಕ್ಷರಗಳು ಅಚ್ಚಾದ ಪುಟದಂತೆ ಸ್ಪಷ್ಟವಾಗಿ ತೋರುತ್ತಿದ್ದವು. ಬಿಸಿಲು ಹೆಚ್ಚಿದಷ್ಟೂ ಓದು ಸುಲಭ. ದೀಪವಿಲ್ಲದ್ದರಿಂದ ಬ್ಯಾಟರಿಯ ಖರ್ಚೂ ಕಡಿಮೆ.

ಈ ಸಂಸ್ಥೆಯ ಮೊದಲ ನಿಯಮವು ಯಂತ್ರದ ರಚನೆಗೆ ಸಂಬಂಧಿಸಿದುದಲ್ಲ. ಗಣಕವು ಶಾಲೆಯದಲ್ಲ, ಮಗುವಿನದು. ಮಗುವು ಅದನ್ನು ಮನೆಗೆ ಒಯ್ಯಬೇಕು ಎಂಬುದೇ ಆ ನಿಯಮ. ಪ್ರತಿ ಮಗುವೂ ತನ್ನದನ್ನು ಗುರುತಿಸಿಕೊಳ್ಳಲೆಂದು ಮುಚ್ಚಳದ ಮೇಲಿನ ಚಿಹ್ನೆಯನ್ನು ಬೇರೆ ಬೇರೆ ಬಣ್ಣಗಳ ಜೋಡಿಯಲ್ಲಿ ಮೂಡಿಸುತ್ತಿದ್ದರು. ಇದಕ್ಕೆ ನೇರ ವಿರುದ್ಧವಾದ ಚಿಂತನೆಯೊಂದು ಕೆಲವು ವರ್ಷಗಳ ಹಿಂದೆಯೇ ಬೆಂಗಳೂರಿನಲ್ಲಿ ಹುಟ್ಟಿತ್ತು. 2001ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಸ್ಥಳೀಯ ತಂತ್ರಜ್ಞರು ‘ಸಿಂಪ್ಯೂಟರ್’ ಎಂಬ ಅಂಗೈಯ ಗಣಕವನ್ನು ಹೊರತಂದರು. ಬಡವನೊಬ್ಬನು ಯಂತ್ರವನ್ನು ಕೊಳ್ಳಲಾರನೆಂಬುದನ್ನು ಅರಿತು, ಊರಿಗೆಲ್ಲ ಒಂದೇ ಯಂತ್ರವಿದ್ದರೂ ಸಾಕಾಗುವಂತೆ ಅವರು ಯೋಚಿಸಿದರು. ಪ್ರತಿಯೊಬ್ಬನ ವಿವರಗಳೂ ಅವನ ಜೇಬಿನಲ್ಲಿರುವ ಚಿಕ್ಕ ಕಾರ್ಡಿನಲ್ಲಿ ಉಳಿಯುತ್ತಿದ್ದವು. ಕಾರ್ಡನ್ನು ತೂರಿಸಿದರೆ ಅಷ್ಟು ಹೊತ್ತು ಯಂತ್ರ ಅವನದು. ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೆ ಅದು ಎತ್ತಿದ ಪ್ರಶ್ನೆ ಹಳೆಯದಾಗಿಲ್ಲ.

ಭಾರತವು 2006ರಲ್ಲಿ ನೆಗ್ರೊಪಾಂಟೆಯವರ ಯೋಜನೆಯನ್ನು ಒಪ್ಪಲಿಲ್ಲ. ಇಂತಹ ಸಾಧನಕ್ಕಿಂತ ತರಗತಿಯ ಕೊಠಡಿಗಳೂ ಉಪಾಧ್ಯಾಯರೂ ಹೆಚ್ಚು ತುರ್ತಾಗಿ ಬೇಕೆಂಬುದು ಅಂದಿನ ಶಿಕ್ಷಣ ಕಾರ್ಯದರ್ಶಿಗಳ ನಿಲುವಾಗಿತ್ತು. ಬೆಲೆಯೂ 100 ಡಾಲರಿಗೆ ಇಳಿಯಲಿಲ್ಲ. ಆರಂಭದಲ್ಲಿ ಸುಮಾರು 188 ಡಾಲರುಗಳಷ್ಟಿತ್ತು.

ದಕ್ಷಿಣ ಅಮೆರಿಕದ ಎರಡು ದೇಶಗಳು ಇದನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡವು. ಪೆರು ಎಂಟು ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಕೊಂಡಿತು. ಅಲ್ಲಿಯ 319 ಗ್ರಾಮೀಣ ಶಾಲೆಗಳಲ್ಲಿ ನಡೆದ ಅಧ್ಯಯನವು 2012ರಲ್ಲಿ ಪ್ರಕಟವಾಯಿತು. ಸುಮಾರು 15 ತಿಂಗಳ ಬಳಕೆಯ ಅನಂತರವೂ ಗಣಿತ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಗಣಕ ಪಡೆದ ಶಾಲೆಗಳ ಮಕ್ಕಳು ಉಳಿದವರಿಗಿಂತ ಮುಂದಿರಲಿಲ್ಲ. ಯಂತ್ರವನ್ನು ಬಳಸುವ ಕೌಶಲ ಮಾತ್ರ ಬೆಳೆದಿತ್ತು. ತರ್ಕಶಕ್ತಿಯನ್ನು ಅಳೆಯುವ ಪರೀಕ್ಷೆಗಳಲ್ಲಿಯೂ ಅಲ್ಪಸ್ವಲ್ಪ ಪ್ರಗತಿ ಕಂಡಿತು. ಅಂತರ್ಜಾಲದ ಸಂಪರ್ಕವು ಆ ಶಾಲೆಗಳಿಗೆ ಬಹುಮಟ್ಟಿಗೆ ಇರಲೇ ಇಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಗಣಕವನ್ನು ಮನೆಗೆ ಒಯ್ಯುತ್ತಿರಲಿಲ್ಲ. ಕಳೆದುಹೋದೀತು, ಒಡೆದೀತು, ಒಡೆದರೆ ಹಣ ಕೊಡಬೇಕಾದೀತು ಎಂಬ ಭಯ ಶಾಲೆಯವರಿಗೂ ತಂದೆತಾಯಿಗಳಿಗೂ ಇತ್ತು. ಬೀಳಿಸಿದರೂ ಕೆಡದಂತೆ ಎಂಜಿನಿಯರರು ಎಷ್ಟೋ ಜಾಣ್ಮೆಯಿಂದ ಕಟ್ಟಿದ ಯಂತ್ರವು, ಬಿದ್ದೀತೆಂಬ ಹೆದರಿಕೆಯಿಂದಲೇ ಶಾಲೆಯಲ್ಲಿ ಉಳಿಯಿತು.

ಉರುಗ್ವೇ ಚಿಕ್ಕ ದೇಶ. ಅಲ್ಲಿ ‘ಸೀಬಾಲ್’ ಎಂಬ ಯೋಜನೆಯಡಿ 2007ರ ಮೇ ತಿಂಗಳಲ್ಲಿ ಕಾರ್ಡಾಲ್ ಎಂಬ ಪುಟ್ಟ ಊರಿನ ಮಕ್ಕಳಿಗೆ ಮೊದಲು ಗಣಕಗಳನ್ನು ಹಂಚಲಾಯಿತು. 2009ರ ಅಕ್ಟೋಬರ್ ವೇಳೆಗೆ ಸರಕಾರಿ ಪ್ರಾಥಮಿಕ ಶಾಲೆಗಳ ಎಲ್ಲ ಮಕ್ಕಳಿಗೂ ಅವು ದೊರೆತಿದ್ದವು. ಶಾಲೆಗಳಿಗೆ ಅಂತರ್ಜಾಲವನ್ನು ಒದಗಿಸುವುದು, ಕೆಟ್ಟ ಯಂತ್ರಗಳನ್ನು ಸರಿಪಡಿಸುವುದು ಸಹ ಯೋಜನೆಯ ಭಾಗವೇ ಆಗಿದ್ದಿತು. ಆದರೂ ಗಣಿತ ಮತ್ತು ಓದಿನ ಅಂಕಗಳು ಗಣಕದಿಂದ ಏರಿದವೆಂದು ಅಲ್ಲಿಯ ಸಂಶೋಧಕರು ಕೂಡ ಹೇಳಲಿಲ್ಲ. ಏರದಿದ್ದರೂ ಒಂದು ಅಂತರವು ಕಿರಿದಾಯಿತು. ಸಿರಿವಂತರ ಮನೆಯಲ್ಲಿ ಮಾತ್ರ ಇದ್ದ ಗಣಕವು ಕೂಲಿಯವನ ಮನೆಯಲ್ಲಿಯೂ ಕಾಣಿಸಿಕೊಂಡಿತು. ಮಕ್ಕಳಿಂದ ದೊಡ್ಡವರೂ ಅದನ್ನು ಮುಟ್ಟಲು ಕಲಿತರು. ಅಂಕಪಟ್ಟಿಯಲ್ಲಿ ಸಿಗದ ಲಾಭವನ್ನು ಲಾಭವೇ ಅಲ್ಲವೆನ್ನುವುದು ಅವಸರದ ಮಾತಾದೀತು; ಅಷ್ಟಕ್ಕೇ ಹಣವೆಲ್ಲ ಸಾರ್ಥಕವಾಯಿತೆನ್ನುವುದೂ ಅವಸರದ ಮಾತೇ.

ಮಹಾರಾಷ್ಟ್ರದ ಖೈರಾತ್ ಎಂಬ ಹಳ್ಳಿಯ ಏಕೋಪಾಧ್ಯಾಯ ಶಾಲೆಗೂ 2007ರಲ್ಲಿ ಪ್ರಯೋಗಕ್ಕಾಗಿ ಕೆಲವು ಎಕ್ಸ್‌ಓ ಯಂತ್ರಗಳು ಬಂದಿದ್ದವು.

ಈಗ ಮಡಿಚುವ ಗಣಕಗಳು ಪೇಟೆಯ ಅಂಗಡಿಗಳಲ್ಲಿ ಸಾಮಾನ್ಯವಾಗಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ತಿರುಗುವ ಕುತ್ತಿಗೆಯಿಲ್ಲ. 2012ರ ಸುಮಾರಿಗೆ ಬಳಕೆಗೆ ಬಂದ ಜೋಡಿ ಕೀಲುಗಳ ಮೇಲೆ ಪರದೆಯು ಪುಸ್ತಕದ ರಟ್ಟಿನಂತೆ ಪೂರ್ತಿಯಾಗಿ ಹಿಂದಕ್ಕೆ ಮಡಿಚಿಕೊಳ್ಳುತ್ತದೆ. ಬೆರಳು ತಾಗಿದರೆ ಪುಟ ಸರಿಯುತ್ತದೆ. ಕೆಲವಕ್ಕೆ ಬರೆಯುವ ಕಡ್ಡಿಯೂ ಉಂಟು. ಎಕ್ಸ್‌ಓಗಿಂತ ಅವು ಎಷ್ಟೋ ಪಾಲು ವೇಗವಾಗಿ ಕೆಲಸ ಮಾಡುತ್ತವೆ. ಆದರೆ ಅವುಗಳಲ್ಲಿ ಬಹುಪಾಲನ್ನು ಹಿಡಿದು ಮಧ್ಯಾಹ್ನದ ಬಿಸಿಲಿನಲ್ಲಿ ಶಾಲೆಯ ಜಗಲಿಯ ಮೇಲೆ ಓದಲು ಕುಳಿತರೆ, ಪರದೆಯಲ್ಲಿ ಅಕ್ಷರಗಳ ಬದಲು ಓದುವವನ ಮುಖವೇ ಕಾಣುತ್ತದೆ.